ಕೊರಿಯಾದಿಂದ ಮೈಸೂರಿಗೆ ವಾಪಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು, ನನ್ನ ಗಂಡ 2016ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ದೇಜಾನ್‌ಗೆ ಹೋದೆವು. 2023ರ ಜನವರಿಯಲ್ಲಿ ಮೈಸೂರಿಗೆ ಮರಳಿದೆವು. ಹೋಗುವಾಗ ಇಬ್ಬರು, ಬರುವಾಗ ಮೂವರು. ಬಂದು ಎರಡೂವರೆ ವರ್ಷವಾಯಿತು, ಈಗಲೂ ವಾರಕ್ಕೊಂದು ಫೋನ್ ಬರುತ್ತದೆ. ಅಲ್ಲಿರುವ ಕನ್ನಡದ ಹುಡುಗ ಹುಡುಗಿಯರು "ಅಕ್ಕಾ, ನಾವೂ ವಾಪಸ್ ಬರೋಣ ಅಂತಿದ್ದೀವಿ, ಸ್ವಲ್ಪ ಹೇಳಿ" ಅಂತ ಶುರು ಮಾಡುತ್ತಾರೆ. ಹೋಗುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬರುವುದು ಹೇಗೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.

ಅಷ್ಟು ಚೆನ್ನಾಗಿತ್ತಲ್ಲ, ಯಾಕೆ ಬಂದ್ರಿ?

ನಿಜ, ಚೆನ್ನಾಗಿತ್ತು. ದೇಜಾನ್ ಸಂಶೋಧನಾ ಸಂಸ್ಥೆಗಳ ಊರು. ಕೈಸ್ಟ್ ಎಂಬ ವಿಜ್ಞಾನ, ತಂತ್ರಜ್ಞಾನದ ವಿಶ್ವವಿದ್ಯಾಲಯ ಅಲ್ಲೇ ಇದೆ. ನಮ್ಮ ಮನೆ ಯುಸಾಂಗ್ ಕಡೆ, ಗಪ್‌ಚೆಯಾನ್ ಹೊಳೆಗೆ ಹತ್ತಿರ. ಸಂಜೆ ಹೊಳೆ ದಂಡೆಯಲ್ಲಿ ನಡೆದರೆ ದಿನದ ದಣಿವು ಇಳಿಯುತ್ತಿತ್ತು. ಸೋಲ್‌ಗೆ ಹೋಗಬೇಕೆಂದರೆ ಕೆಟಿಎಕ್ಸ್ ರೈಲಿನಲ್ಲಿ ಒಂದು ಗಂಟೆ.

ಆದರೆ 2021ರಲ್ಲಿ ನನ್ನ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಕೊರೊನಾ ಕಾಲ. ಬರಲು ಆಗಲಿಲ್ಲ. ಆಪರೇಷನ್ ಥಿಯೇಟರ್ ಹೊರಗೆ ಅಮ್ಮ ಒಬ್ಬರೇ ಕೂತಿದ್ದರು. ನಾನು ಇಲ್ಲಿಗಿಂತ ಮೂರೂವರೆ ಗಂಟೆ ಮುಂದಿರುವ ಗಡಿಯಾರ ನೋಡುತ್ತಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಆವತ್ತೇ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಇನ್ನೂ ಒಂದು ವರ್ಷ ಹಿಡಿಯಿತು.

ಹೊರಡುವ ಮೊದಲು ಅಲ್ಲಿ ಏನೇನು ಮುಗಿಸಿಕೊಳ್ಳಬೇಕು?

ಎಲ್ಲಕ್ಕಿಂತ ಮೊದಲ ಮಾತು: ನಿಮ್ಮ ಕೊರಿಯಾದ ಮೊಬೈಲ್ ನಂಬರನ್ನು ಕೊನೆಯ ಕೆಲಸ ಮುಗಿಯುವವರೆಗೆ ನಿಲ್ಲಿಸಬೇಡಿ. ಅಲ್ಲಿ ಬ್ಯಾಂಕು, ತೆರಿಗೆ, ಪ್ರಮಾಣಪತ್ರ, ಎಲ್ಲದಕ್ಕೂ "ನೀವು ನೀವೇನಾ" ಅಂತ ಕೇಳುವುದು ಆ ನಂಬರಿನ ಮೂಲಕ. ಬೊನಿನ್ ಇನ್‌ಜಿಂಗ್ ಅನ್ನುತ್ತಾರೆ. ನಂಬರ್ ಹೋಯಿತೆಂದರೆ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಎರಡನೆಯದು ಪಿಂಚಣಿ ಹಣ. ಸಂಬಳದಲ್ಲಿ ಪ್ರತಿ ತಿಂಗಳು ಕುಂಗ್‌ಮಿನ್ ಯೊನ್‌ಗಮ್ ಅಂತ ಹಿಡಿದಿರುತ್ತಾರೆ. ನಾವಿದ್ದಾಗ ಒಟ್ಟು ಶೇ 9, ಅರ್ಧ ನಮ್ಮದು, ಅರ್ಧ ಕಂಪನಿಯದು. ಪೂರ್ತಿಯಾಗಿ ದೇಶ ಬಿಡುವ ಭಾರತೀಯರು ಇದನ್ನು ಒಟ್ಟಿಗೆ ವಾಪಸ್ ಪಡೆಯಬಹುದು. ಟಿಕೆಟ್ ಆದ ಮೇಲೆ ಪಿಂಚಣಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ಇಂಚೆನ್ ವಿಮಾನ ನಿಲ್ದಾಣದಲ್ಲೇ ಹಣ ತೆಗೆದುಕೊಳ್ಳುವ ವ್ಯವಸ್ಥೆಯೂ ಇದೆ. ಭಾರತದ ಕಂಪನಿಯೇ ನಿಮ್ಮನ್ನು ಕಳಿಸಿದ್ದರೆ ಬಹುಶಃ ಈ ಹಣ ಹಿಡಿದೇ ಇರುವುದಿಲ್ಲ. ಎರಡು ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2011ರ ನವೆಂಬರ್‌ನಿಂದ ಜಾರಿಯಲ್ಲಿದೆ. ಒಂದು ವರ್ಷಕ್ಕಿಂತ ಜಾಸ್ತಿ ದುಡಿದವರಿಗೆ ತ್ವೆಜಿಗ್‌ಗಮ್ ಬರಬೇಕು, ನಮ್ಮ ಗ್ರಾಚ್ಯುಟಿ ಇದ್ದ ಹಾಗೆ. ವರ್ಷಕ್ಕೆ ಒಂದು ತಿಂಗಳ ಸಂಬಳದ ಲೆಕ್ಕ.

ಮೂರನೆಯದು ಮನೆಯ ಮುಂಗಡ. ಇಲ್ಲಿ ನಾವು ಪೆಟ್ಟು ತಿಂದೆವು. ಮಾಲೀಕರು "ಹೊಸ ಬಾಡಿಗೆದಾರರು ಬಂದ ಮೇಲೆ ಕೊಡ್ತೀನಿ" ಅಂದುಬಿಟ್ಟರು. ನನ್ನ ಗಂಡ ಮೂರು ವಾರ ಹಿಂದೆ ಉಳಿಯಬೇಕಾಯಿತು, ನಾನೂ ಮಗಳೂ ಮೊದಲು ಬಂದೆವು. ಹಣ ಖಾತೆಗೆ ಬಿದ್ದ ಮೇಲೆಯೇ ಬಾಗಿಲಿನ ಬೀಗದ ನಂಬರ್ ಕೊಡಿ. ಮೂರು ತಿಂಗಳು ಮೊದಲೇ ನೋಟಿಸ್ ಕೊಟ್ಟು, ಅದನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಉಳಿದದ್ದು ಸಣ್ಣಪುಟ್ಟ. ಕೆಲಸದ ಅನುಭವ ಪತ್ರ, ಪದವಿ ಪತ್ರ, ಮಗುವಿನ ಜನನ ಪತ್ರಗಳಿಗೆ ಅಲ್ಲೇ ಅಪಾಸ್ಟಿಲ್ (ಬೇರೆ ದೇಶದಲ್ಲೂ ಪತ್ರ ನಡೆಯುವಂತೆ ಹಾಕುವ ಸರ್ಕಾರಿ ದೃಢೀಕರಣ) ಮಾಡಿಸಿಕೊಳ್ಳಿ. ಹಳೆ ಸೋಫಾ, ಮಂಚ ಸುಮ್ನೆ ಹೊರಗಿಡುವ ಹಾಗಿಲ್ಲ, ಸ್ಟಿಕ್ಕರ್ ಕೊಂಡು ಅಂಟಿಸಬೇಕು. ಅದು ನಿಮಗೇ ಗೊತ್ತಿರುತ್ತದೆ.

ಮಗು ಅಲ್ಲಿ ಹುಟ್ಟಿದರೆ ಅಲ್ಲಿನ ಪೌರತ್ವ ಸಿಗುತ್ತದಾ?

ಇಲ್ಲ. ಹುಟ್ಟಿದ ಮಾತ್ರಕ್ಕೆ ಕೊರಿಯಾ ಪೌರತ್ವ ಕೊಡುವುದಿಲ್ಲ. ಒಂದು ವರ್ಷದೊಳಗೆ ಸೋಲ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿ. ಇದನ್ನು ಮುಂದೂಡಬೇಡಿ.

ಏನು ತರಬೇಕು, ಏನು ಬಿಡಬೇಕು?

ಅಲ್ಲಿನ ಕರೆಂಟ್ 220 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ನಮ್ಮ ರೈಸ್ ಕುಕ್ಕರ್ ಇಲ್ಲಿಯೂ ಚೆನ್ನಾಗಿಯೇ ನಡೆಯುತ್ತಿದೆ. ಮೈಕ್ರೊವೇವ್, ವಾಷಿಂಗ್ ಮೆಷಿನ್ ತರಲು ಹೋಗಬೇಡಿ. ಚಳಿಗಾಲದ ದಪ್ಪ ಜಾಕೆಟ್‌ಗಳನ್ನು ನಾವು ಯಾರಿಗಾದರೂ ಕೊಟ್ಟು ಬರಬೇಕಿತ್ತು. ಮೈಸೂರಿನಲ್ಲಿ ಅವು ಬೀರುವಿನ ಅರ್ಧ ಜಾಗ ತಿಂದು ಕೂತಿವೆ. ಮಗಳ ಕೊರಿಯನ್ ಪುಸ್ತಕಗಳನ್ನು ಮಾತ್ರ ಭಾರವಾಗುತ್ತದೆಂದು ಅಲ್ಲೇ ಬಿಟ್ಟೆವು. ಅದೊಂದು ತಪ್ಪು ಮಾಡಿದೆವು. ಬಟ್ಟೆ ಬಿಡಿ, ಪುಸ್ತಕ ತನ್ನಿ.

ಬ್ಯಾಂಕು, ತೆರಿಗೆ?

ಬಂದು ನೆಲೆಸಿದ ಮೇಲೆ ಅನಿವಾಸಿಗಳಿಗಿರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಇಲ್ಲಿನ ಸಾಮಾನ್ಯ ಖಾತೆಗಳಾಗಿ ಬದಲಿಸಬೇಕು. ಆಮೇಲೆ ಮಾಡೋಣ ಅಂತ ಬಿಡಬೇಡಿ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಎಂಬ ನಡುವಿನ ಸ್ಥಿತಿ ಇದೆ. ಹಿಂದಿನ ಏಳು ವರ್ಷಗಳಲ್ಲಿ ನೀವು ಭಾರತದಲ್ಲಿ ಇದ್ದ ದಿನ 729 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅನ್ವಯಿಸುತ್ತದೆ. ಆ ಅವಧಿಯಲ್ಲಿ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳನ್ನು ಮುಂದಿಟ್ಟುಕೊಂಡು ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಬಂದ ಹೊಸತರಲ್ಲಿ ಹೇಗಿತ್ತು?

ಮೊದಲ ಎರಡು ವಾರ ಹಬ್ಬ. ಆಮೇಲೆ ಒಂದು ಥರದ ಮಂಕು.

ಎಲ್ಲರೂ ಕೇಳುವುದು ಟ್ರಾಫಿಕ್, ಧೂಳು, ಹಾರ್ನ್ ಬಗ್ಗೆ. ಅವುಗಳಿಗೆ ಕಿವಿ, ಮೂಗು ಬೇಗ ಒಗ್ಗಿಕೊಂಡವು. ನನಗೆ ಕಷ್ಟವಾದದ್ದು ಕಸ. ಅಲ್ಲಿ ಕಸದ ಚೀಲಕ್ಕೇ ದುಡ್ಡು. ಎಷ್ಟು ಕಸ ಹಾಕುತ್ತೀರೋ ಅಷ್ಟು ಚೀಲ ಕೊಳ್ಳಬೇಕು. 1995ರಿಂದ ಇಡೀ ದೇಶದಲ್ಲಿ ಇದೇ ಪದ್ಧತಿ. ಊಟದ ಕಸ ಬೇರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಹಾಕುವ ಡಬ್ಬಿಗೇ ತಕ್ಕಡಿ ಇತ್ತು, ಕಾರ್ಡ್ ಮುಟ್ಟಿಸಿದರೆ ಮುಚ್ಚಳ ತೆರೆದು ತೂಕ ತೋರಿಸುತ್ತಿತ್ತು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಡುವುದು ಏಳು ವರ್ಷದಲ್ಲಿ ನನ್ನ ಕೈಗೆ ಅಂಟಿದ ಅಭ್ಯಾಸ. ಇಲ್ಲೂ ತೊಳೆದು ಒಣಗಿಸುತ್ತೇನೆ. ಮೊದಮೊದಲು ಅಮ್ಮ ಸುಮ್ಮನೆ ನೋಡುತ್ತಿದ್ದರು. ಈಗ ಅವರೇ ಕ್ಲಿಪ್ ಹಾಕಿ ತಂತಿಗೆ ಸಿಕ್ಕಿಸುತ್ತಾರೆ.

ಇನ್ನೊಂದು ಸಂಗತಿ ಮಗಳದು. ದೇಜಾನ್‌ನಲ್ಲಿ ನಾವಿದ್ದದ್ದು ನಾಲ್ಕನೇ ಮಹಡಿ. ಮಕ್ಕಳು ಓಡಿದರೆ ಕೆಳಗಿನ ಮನೆಯವರಿಗೆ ಸದ್ದು. ಕೊರಿಯಾದಲ್ಲಿ ಈ ಮಹಡಿ ಸದ್ದಿನ ಜಗಳಗಳು ಪೊಲೀಸರವರೆಗೂ ಹೋಗುತ್ತವೆ. ಹಾಗಾಗಿ ಅವಳಿಗೆ ನಡೆಯಲು ಬಂದ ದಿನದಿಂದ "ಮೆಲ್ಲಗೆ, ಮೆಲ್ಲಗೆ" ಅಂತಲೇ ಹೇಳಿ ಬೆಳೆಸಿದ್ದೆವು. ಮೈಸೂರಿನ ಅಜ್ಜಿ ಮನೆಯ ಕೆಳ ಅಂತಸ್ತು ಮಣ್ಣಿನ ಮೇಲೇ, ಕೆಂಪು ಗಾರೆಯ ನೆಲ. ಅಲ್ಲೂ ಅವಳು ತಿಂಗಳುಗಟ್ಟಲೆ ತುದಿಗಾಲಿನಲ್ಲೇ ಓಡಾಡಿದಳು. ಒಂದು ದಿನ ಅಮ್ಮ ಅವಳ ಕೈ ಹಿಡಿದುಕೊಂಡು "ಇಲ್ಲಿ ಕೆಳಗೆ ಯಾರೂ ಇಲ್ಲ ಪುಟ್ಟಿ, ಬರೀ ಮಣ್ಣು. ಕುಣಿ" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದ ಮೇಲೆ ಒಂದು ಸಲ ಹಾರಿದಳು. ಆಮೇಲೆ ನಿಲ್ಲಲೇ ಇಲ್ಲ.

"ಅಲ್ಲಿ ಹಾಗಿತ್ತು, ಹೀಗಿತ್ತು" ಅಂತ ಹೇಳಬಹುದಾ?

ಮನೆಯವರ ಹತ್ತಿರ ಹೇಳಿ. ಉಳಿದವರ ಹತ್ತಿರ ಅವರೇ ಕೇಳಿದರೆ ಹೇಳಿ. ನಾನು ಮೊದಲ ಆರು ತಿಂಗಳು ಬಸ್ಸು, ರಸ್ತೆ, ಕೆಫೆಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಎದ್ದು ಹೋದರೂ ಯಾರೂ ಮುಟ್ಟದಿರುವುದು, ಇದನ್ನೇ ಹೇಳಿದೆ. ಹೇಳಿದ್ದೆಲ್ಲ ನಿಜವೇ. ಆದರೆ ಕೇಳುವವರು ಇಲ್ಲೇ ಬದುಕಿದವರು, ಇದೇ ಬಸ್ಸಿನಲ್ಲಿ ಓಡಾಡಿದವರು. ನನ್ನ ತಮ್ಮ ಒಂದು ಸಲ ಮೆತ್ತಗೆ ಹೇಳಿದ: "ಅಕ್ಕ, ನೀನು ಅಲ್ಲಿದ್ದಾಗ ಫೋನ್ ಮಾಡಿ ಮೈಸೂರನ್ನೇ ಹೊಗಳ್ತಿದ್ದೆ, ಅಲ್ವಾ?" ಹೌದು, ಹೊಗಳುತ್ತಿದ್ದೆ. ಅದೂ ನಿಜವೇ ಆಗಿತ್ತು.

ಊಟ? ಅಲ್ಲಿ ಸಸ್ಯಾಹಾರಿಗಳಿಗೆ ಕಷ್ಟ, ಇಲ್ಲಿ ಬಂದು ಆರಾಮ ಅಲ್ವಾ?

ಕಷ್ಟ ಅನ್ನುವುದು ನಿಜ. ನೋಡಲು ಬರೀ ಸೊಪ್ಪಿನ ಸಾರು, ಆದರೆ ಕುದಿಸಿದ ನೀರಿಗೇ ಒಣ ಮೀನು ಬಿದ್ದಿರುತ್ತದೆ. ಉಪ್ಪಿನಕಾಯಿಯಂಥ ಕಿಮ್ಚಿಯಲ್ಲೂ ಮೀನಿನ ರಸ, ಉಪ್ಪು ಹಾಕಿದ ಸಿಗಡಿ. "ಕೋಗಿ ಪ್ಪೆಗೊ ಜುಸೆಯೊ", ಮಾಂಸ ಬಿಟ್ಟು ಕೊಡಿ, ಇದು ನಾನು ಕಲಿತ ಮೊದಲ ಪೂರ್ತಿ ವಾಕ್ಯ.

ಆದರೆ ನನಗೆ ಕಿಮ್ಚಿ ತಿನ್ನಿಸಿದವರು ಮೂರನೇ ಮಹಡಿಯ ಹಲ್ಮೊನಿ. ಹಲ್ಮೊನಿ ಅಂದರೆ ಅಜ್ಜಿ. ನವೆಂಬರ್ ಬಂತೆಂದರೆ ಅಲ್ಲಿ ಕಿಮ್ಜಾಂಗ್, ಇಡೀ ಚಳಿಗಾಲಕ್ಕೆ ಒಟ್ಟಿಗೆ ಕೂತು ಕಿಮ್ಚಿ ಹಾಕುವುದು. 2013ರಲ್ಲಿ ಯುನೆಸ್ಕೊ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಅಜ್ಜಿ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ರಾತ್ರಿಯೆಲ್ಲ ಉಪ್ಪಿನಲ್ಲಿ ನೆನೆದ ಕೋಸುಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದರು. ನನಗೂ ಕೆಂಪು ರಬ್ಬರ್ ಕೈಗವಸು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಎಲೆ ಎಲೆ ಬಿಡಿಸಿ ಮಧ್ಯೆ ಖಾರ ಸವರಬೇಕು. ನನಗಾಗಿ ಒಂದು ಬೋಗುಣಿಯಲ್ಲಿ ಮೀನಿನ ರಸ ಹಾಕದ ಖಾರ ಬೇರೆಯೇ ಕಲಸಿಟ್ಟಿದ್ದರು. ಮೊದಲ ಎಲೆಯನ್ನು ಸೀಳಿ, ಸುರುಳಿ ಸುತ್ತಿ, ತಮ್ಮ ಕೈಯಿಂದಲೇ ನನ್ನ ಬಾಯಿಗಿಟ್ಟರು. ಮನೆ ಬಿಟ್ಟು ಬಂದ ಮೇಲೆ ಯಾರೂ ನನಗೆ ಕೈತುತ್ತು ಕೊಟ್ಟಿರಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಅವರು ಅಂದುಕೊಂಡರು.

ಇಲ್ಲಿ ಬಂದ ಮೇಲೆ ಆ ರುಚಿಗೆ ಹಾತೊರೆಯುವುದು ನಾವು. ಅದಕ್ಕೊಂದು ದಾರಿ ಸಿಕ್ಕಿದೆ, ಎಲ್ಲರಿಗೂ ಹೇಳುತ್ತೇನೆ. ಕೊರಿಯಾದ ಮೆಣಸಿನ ಪುಡಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಬ್ಯಾಡಗಿಯೂ ಹಾಗೇ ಅಲ್ವಾ? ಬ್ಯಾಡಗಿ ಮೆಣಸಿನಕಾಯಿಯ ಬೀಜ ಕೊಡವಿ, ಬಿಸಿಲಿಗೆ ಗರಿಗರಿ ಮಾಡಿ, ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿ. ಕೋಸಿನ ಬದಲು ದೇವರಾಜ ಮಾರುಕಟ್ಟೆಯ ಎಳೆ ಮೂಲಂಗಿ. ಚೌಕ ಹೆಚ್ಚಿ, ಉಪ್ಪು ಹಾಕಿ ಒಂದು ಗಂಟೆ ಬಿಟ್ಟು ನೀರು ಬಸಿದು, ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಸ್ವಲ್ಪ ಸಕ್ಕರೆ, ಅಕ್ಕಿಹಿಟ್ಟಿನ ಗಂಜಿ ಹಾಕಿ ಕಲಸಿ. ಇದೇ ಕ್ಕಕ್ತುಗಿ. ಮೈಸೂರಿನ ಬಿಸಿಲಿಗೆ ಒಂದೇ ದಿನದಲ್ಲಿ ಹುಳಿ ಬರುತ್ತದೆ, ಬೇಗ ಫ್ರಿಜ್‌ಗೆ ಇಡಿ. ಅಪ್ಪ ಇದನ್ನು ಮೊಸರನ್ನಕ್ಕೆ ನಂಚಿಕೊಳ್ಳುತ್ತಾರೆ.

ಅಪ್ಪ ಅಮ್ಮನ ಜೊತೆ ಮತ್ತೆ ಹೊಂದಿಕೊಳ್ಳೋದು ಹೇಗೆ?

ನಾನು ಬಿಟ್ಟು ಹೋದ ಅಪ್ಪ ಅಮ್ಮ ಹಾಗೇ ಇರುತ್ತಾರೆ ಅಂತ ಅಂದುಕೊಂಡಿದ್ದೆ. ದಿನಾ ವಿಡಿಯೊ ಕಾಲ್ ಮಾಡುತ್ತಿದ್ದೆನಲ್ಲ, ಎಲ್ಲ ಗೊತ್ತು ಅಂತ ಭಾವಿಸಿದ್ದೆ. ಬಂದ ದಿನ ರಾತ್ರಿ ನೀರು ಕುಡಿಯಲು ಎದ್ದಾಗ ಅಪ್ಪ ಮಹಡಿಯಿಂದ ಇಳಿಯುತ್ತಿದ್ದರು. ಗೋಡೆಗೆ ಅಂಗೈ ಒತ್ತಿ, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ನಿಂತು, ಮತ್ತೊಂದು. ಅವರ ಕೈ ತಾಗಿ ತಾಗಿ ಸುಣ್ಣದ ಗೋಡೆಯಲ್ಲಿ ಉದ್ದಕ್ಕೆ ಒಂದು ಕಂದು ಗೆರೆ ಬಿದ್ದಿತ್ತು. ವಿಡಿಯೊ ಕಾಲ್‌ನಲ್ಲಿ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ.

ಅವರಿಗೆ ನಾವಿಲ್ಲದ ಏಳು ವರ್ಷದ ಒಂದು ದಿನಚರಿ ಇದೆ. ಯಾವಾಗ ಹಾಲು, ಯಾವಾಗ ಟಿವಿ, ಯಾವ ಕುರ್ಚಿ ಯಾರದ್ದು, ಎಲ್ಲ. ನಾವು ಬಂದು ಅದರೊಳಗೆ ನುಗ್ಗಿದೆವು. ಅಮ್ಮನ ಅಡುಗೆಮನೆಯನ್ನು ನಾನು ಎರಡನೇ ವಾರದಲ್ಲೇ "ಸರಿ" ಮಾಡಲು ಹೋಗಿ ಅವರಿಗೆ ನೋವು ಮಾಡಿದೆ. ಒಂದು ವರ್ಷ ಏನನ್ನೂ ಬದಲಿಸಬೇಡಿ. ಮನೆ ಕಟ್ಟುವುದು, ಕೊಳ್ಳುವುದು, ಬೇರೆ ಹೋಗುವುದು, ಮತ್ತೆ ವಿದೇಶಕ್ಕೆ ಹೊರಡುವುದು, ಯಾವುದನ್ನೂ ಆ ವರ್ಷ ತೀರ್ಮಾನಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಮಕ್ಕಳು ಹೊಂದಿಕೊಳ್ತಾರಾ? ಕೊರಿಯನ್ ಮರೆತುಬಿಡ್ತಾರಾ?

ಹೊಂದಿಕೊಳ್ಳುತ್ತಾರೆ, ನಮಗಿಂತ ಬೇಗ. ಮರೆಯುವುದೂ ಅಷ್ಟೇ ಬೇಗ. ಇದಕ್ಕೆ ನಾನು ಸಿದ್ಧವಾಗಿರಲಿಲ್ಲ.

ಮಗಳು ಹುಟ್ಟಿದ್ದು 2017ರ ನವೆಂಬರ್‌ನಲ್ಲಿ. ಬಂದಾಗ ಐದು ವರ್ಷ ಎರಡು ತಿಂಗಳು. ಕೇಳಿದವರಿಗೆಲ್ಲ "ನನಗೆ ಏಳು" ಅನ್ನುತ್ತಿದ್ದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಕೊರಿಯಾದಲ್ಲಿ ಹುಟ್ಟಿದಾಗಲೇ ಒಂದು, ಪ್ರತಿ ಜನವರಿ 1ಕ್ಕೆ ಇನ್ನೊಂದು. ಆ ವರ್ಷ ಜೂನ್ 28ರಿಂದ ಕೊರಿಯಾ ಸರ್ಕಾರಿ ಲೆಕ್ಕಗಳಲ್ಲಿ ನಮ್ಮ ಹಾಗೆ ವಯಸ್ಸು ಎಣಿಸುವ ನಿಯಮವನ್ನೇ ಎಲ್ಲ ಕಡೆ ಜಾರಿಗೆ ತಂದಿತು. ಅಲ್ಲಿ ಶಾಲೆ ಮಾರ್ಚ್‌ನಲ್ಲಿ ಶುರು, ಇಲ್ಲಿ ಜೂನ್ ಹೊತ್ತಿಗೆ. ನಡುವಿನ ಆ ತಿಂಗಳುಗಳನ್ನು ಅಜ್ಜ ಅಜ್ಜಿಯ ಜೊತೆ ಸುಮ್ನೆ ಕಳೆಯಲು ಬಿಟ್ಟದ್ದು ನಾವು ಮಾಡಿದ ಒಳ್ಳೆಯ ಕೆಲಸ.

ಮೊದಲ ವರ್ಷ ಒಬ್ಬಳೇ ಆಡುವಾಗ ಕೊರಿಯನ್‌ನಲ್ಲೇ ಮಾತಾಡಿಕೊಳ್ಳುತ್ತಿದ್ದಳು. ಗೊಂಬೆಗಳಿಗೆ ಕನ್ನಡ ಬರುತ್ತಿರಲಿಲ್ಲ. ಮಳೆಗಾಲ ಮುಗಿಯುವಾಗ ಹಿತ್ತಲಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ಬಂದವು. "ಜಮ್ಜಾರಿ! ಅಮ್ಮಾ, ಜಮ್ಜಾರಿ!" ಅಂತ ಕೂಗುತ್ತಾ ಓಡಿದಳು. ಮರುವರ್ಷ ಅದೇ ಹಿತ್ತಲು, ಅದೇ ಚಿಟ್ಟೆ. ಬೆರಳು ತೋರಿಸಿ ನಿಂತಳು. "ಅಮ್ಮಾ, ಇದಕ್ಕೆ ಅಲ್ಲಿ ಏನೋ ಅಂತಿದ್ವಲ್ಲಾ?" ಅಂದಳು. ನಾನು ಹೇಳಿಕೊಟ್ಟೆ. ಹೊಸ ಪದ ಕಲಿಯುವವಳ ಹಾಗೆ ಎರಡು ಸಲ ಹೇಳಿಕೊಂಡಳು. ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಹಬ್ಬಕ್ಕೆ ಹಲ್ಮೊನಿಗೆ ಫೋನ್ ಮಾಡುತ್ತೇವೆ. 2023ರ ಸುಗ್ಗಿ ಹಬ್ಬ ಚುಸೊಕ್‌ಗೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. 2024ರಲ್ಲಿ ಮಗಳು ಬರೀ "ನೆ, ನೆ" ಅನ್ನುತ್ತಿದ್ದಳು, ಹೌದು, ಹೌದು ಅಂತ. ಅಜ್ಜಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಕೇಳುತ್ತಿದ್ದರು. ಊಟ ಆಯ್ತಾ. ಶಾಲೆ ಇಷ್ಟನಾ. ಎಷ್ಟು ಉದ್ದ ಆಗಿದ್ದೀಯ.

ಅವತ್ತಿನಿಂದ ದಿನಾ ರಾತ್ರಿ ಇಪ್ಪತ್ತು ನಿಮಿಷ ಕೊರಿಯನ್ ಓದುತ್ತೇವೆ. ಮಾತು ಜಾರಿದರೂ ಅಕ್ಷರ ಗಟ್ಟಿಯಾಗಿ ಉಳಿದಿದೆ. ಹಂಗುಲ್ ಕಲಿಸುವುದು ಕನ್ನಡದ ಮಕ್ಕಳಿಗೆ ಸುಲಭ, ನಮ್ಮ ಕಾಗುಣಿತದ ಹಾಗೆಯೇ ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಅಕ್ಷರದ ಕಟ್ಟು ಮಾಡುವುದು. ನೀವು ಬರುವವರಿದ್ದರೆ ಮೊದಲ ದಿನದಿಂದಲೇ ಇದನ್ನು ಮಾಡಿ. ನಾವು ಒಂದೂವರೆ ವರ್ಷ ಕಳೆದುಕೊಂಡೆವು.

ಕೊರಿಯನ್ನೂ ಕನ್ನಡವೂ ಒಂದೇ ಥರ ಅಂತಾರಲ್ಲ, ನಿಜಾನಾ?

ವಾಕ್ಯ ಕಟ್ಟುವ ರೀತಿ ಒಂದೇ ಥರ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಹಿಂದೆ. "ನಾನು ಮನೆಗೆ ಹೋಗುತ್ತೇನೆ" ಅನ್ನುವುದನ್ನು ಪದಕ್ಕೆ ಪದ ಕೂರಿಸಬಹುದು. ಅಪ್ಪನಿಗೆ ಅಲ್ಲೂ ಆಪ್ಪಾ, ಅಮ್ಮನಿಗೆ ಒಮ್ಮಾ. ಗುರುತಿಲ್ಲದ ಹಿರಿಯರನ್ನೂ ಅಜ್ಜಿ, ಚಿಕ್ಕಪ್ಪ ಅಂತ ಕರೆಯುವುದು, ನೀನು ಯಾರಿಗೆ, ನೀವು ಯಾರಿಗೆ ಅನ್ನುವ ಎಚ್ಚರ, ಎಲ್ಲ ನಮ್ಮಂತೆಯೇ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮಿಷನರಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನಂಟಿದೆ ಅಂತ ಒಂದು ಪುಸ್ತಕವನ್ನೇ ಬರೆದರು. ಇವತ್ತಿನ ಭಾಷಾ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆದರೆ ಕಲಿಯುವವರಿಗೆ ಈ ಹೋಲಿಕೆಯಿಂದ ನಿಜವಾಗಿ ಅನುಕೂಲ ಇದೆ. ನನ್ನ ಜೊತೆ ಕಲಿಯುತ್ತಿದ್ದ ಯುರೋಪಿನವರು ವಾಕ್ಯ ತಿರುಗಿಸಲು ಒದ್ದಾಡುವಾಗ ನಾನು ಸುಮ್ಮನೆ ಕನ್ನಡದಲ್ಲಿ ಯೋಚಿಸುತ್ತಿದ್ದೆ.

ಇಲ್ಲಿ ಕೆಲಸ ಸಿಗುತ್ತದಾ? ಕೊರಿಯನ್ ಉಪಯೋಗಕ್ಕೆ ಬರುತ್ತದಾ?

ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಎರಡಕ್ಕೂ ದೊಡ್ಡ ಸಾಫ್ಟ್‌ವೇರ್ ಕೇಂದ್ರಗಳಿವೆ. ನಮ್ಮ ಗಡಿ ದಾಟಿದರೆ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ, ಚೆನ್ನೈ ಕಡೆ ಶ್ರೀಪೆರಂಬುದೂರಿನಲ್ಲಿ ಹ್ಯುಂಡೈ. ಭಾಷೆ ಚೆನ್ನಾಗಿ ಬರುವವರಿಗೆ ದುಭಾಷಿ ಕೆಲಸ ಇದೆ. ಕೊರಿಯನ್ ಭಾಷೆಯ ಟೋಪಿಕ್ ಪರೀಕ್ಷೆಯ ಪ್ರಮಾಣಪತ್ರ ಎರಡೇ ವರ್ಷ ನಡೆಯುತ್ತದೆ, ಹಾಗಾಗಿ ಹೊರಡುವ ಸ್ವಲ್ಪ ಮುಂಚೆ ಬರೆಯಿರಿ.

ನಾನು ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದು ಸಿಗುವ ಮೊದಲು ಹನ್ನೊಂದು ತಿಂಗಳು ಮನೆಯಲ್ಲಿದ್ದೆ. ಒಂದು ಸಂದರ್ಶನದಲ್ಲಿ "ಅಲ್ಲಿ ಏನಾದ್ರೂ ತೊಂದರೆ ಆಯ್ತಾ, ಯಾಕೆ ಬಂದ್ರಿ?" ಅಂತ ಮೂರು ಸಲ ಕೇಳಿದರು. ಅಪ್ಪನ ಆರೋಗ್ಯ ಅಂದರೂ ನಂಬಲಿಲ್ಲ. ವಾಪಸ್ ಬರುವುದನ್ನು ಸೋಲು ಅಂತ ನೋಡುವವರು ಸಿಗುತ್ತಾರೆ. ಉತ್ತರವನ್ನು ಒಂದೇ ಸಾಲಿನಲ್ಲಿ ಹೇಳಿ, ಅವರ ಕಣ್ಣು ನೋಡಿ ಹೇಳಿ, ಮುಂದೆ ಹೋಗಿ. ಒಂದು ವರ್ಷದ ಖರ್ಚಿಗೆ ಹಣ ಕೈಯಲ್ಲಿರಲಿ.

ಅಷ್ಟು ದೂರದ ಕೊರಿಯಾಕ್ಕೂ ನಮ್ಮೂರಿಗೂ ಏನಾದರೂ ನಂಟಿದೆಯಾ?

ಇದೆ, ಅದು ನನಗೆ ತಿಳಿದದ್ದು ವಾಪಸ್ ಬಂದ ಮೇಲೆ. ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ನೋಡಿದೆವು. ಈಗ ಅದು ವಸ್ತುಸಂಗ್ರಹಾಲಯ. 1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಾಗ ಒಂದು ದೊಡ್ಡ ಪ್ರಶ್ನೆ ಉಳಿದಿತ್ತು. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಜನ ತಮ್ಮ ಊರಿಗೆ ವಾಪಸ್ ಹೋಗುವುದಿಲ್ಲ ಅಂದಿದ್ದರು. ಅವರ ಮನಸ್ಸನ್ನು ಕೇಳಿ ತೀರ್ಮಾನಿಸಲು ಐದು ದೇಶಗಳ ಆಯೋಗ ಆಯಿತು. ಅದರ ಅಧ್ಯಕ್ಷತೆ ಭಾರತದ್ದು, ಕೂತವರು ನಮ್ಮ ಕೊಡಗಿನ ತಿಮ್ಮಯ್ಯ. ಕೊನೆಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂದ 88 ಜನರನ್ನು 1954ರಲ್ಲಿ ಭಾರತದ ಸೇನೆ ತನ್ನ ಜೊತೆ ಇಲ್ಲಿಗೆ ಕರೆತಂದಿತು. ಅವರಲ್ಲಿ 76 ಜನ ಕೊರಿಯನ್ನರು, ಉಳಿದವರು ಚೀನೀಯರು.

ಆ ಮನೆಯ ಅಂಗಳದಲ್ಲಿ ನಿಂತು ನಾನು ಆ 88 ಜನರನ್ನೇ ಯೋಚಿಸುತ್ತಿದ್ದೆ. ನಮಗೆ ಬೇಕೆಂದಾಗ ಟಿಕೆಟ್ ತೆಗೆದು ಬರಲು ಒಂದು ಊರಿತ್ತು. ಬಾಗಿಲಲ್ಲಿ ಆರತಿ ಹಿಡಿದು ಅಮ್ಮ ನಿಂತಿದ್ದರು.

ಮತ್ತೆ ಹೋಗ್ತೀರಾ?

ಇರಲು ಹೋಗುವುದಿಲ್ಲ. ನೋಡಲು ಹೋಗುತ್ತೇವೆ. ಈ ವರ್ಷ, 2025ರಲ್ಲಿ, ಚುಸೊಕ್ ಅಕ್ಟೋಬರ್ 6ಕ್ಕೆ ಬಂದಿದೆ. ವಿಜಯದಶಮಿ 2ಕ್ಕೆ. ಜಂಬೂಸವಾರಿ ನೋಡಿಕೊಂಡು ಮಾರನೇ ದಿನ ಹೊರಡುವುದು. ಚುಸೊಕ್‌ಗೆ ಸೋಂಗ್‌ಪ್ಯೊನ್ ಮಾಡುತ್ತಾರೆ, ಅಕ್ಕಿಹಿಟ್ಟಿನೊಳಗೆ ಎಳ್ಳು ಬೆಲ್ಲದ ಥರದ ಹೂರಣ ಇಟ್ಟು ಹಬೆಯಲ್ಲಿ ಬೇಯಿಸಿದ್ದು. ನಮ್ಮ ಕಡುಬಿನ ತಂಗಿ ಅನ್ನಬಹುದು.

ಹೋದ ವಾರ ಹಲ್ಮೊನಿ ಫೋನ್ ಮಾಡಿ ಮಗಳ ಕಾಲಿನ ಅಳತೆ ಕೇಳಿದರು, ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ತಂದಿಡಬೇಕಂತೆ. ಅಲ್ಲಿ ಅಳತೆ ಮಿಲಿಮೀಟರ್‌ನಲ್ಲಿ. ಅಪ್ಪ ಹಳೆ ಕ್ಯಾಲೆಂಡರಿನ ಹಾಳೆ ಹಾಸಿ, ಅವಳ ಕಾಲಿಟ್ಟು, ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು, ಸ್ಕೇಲ್ ಹಿಡಿದು ಅಳೆದರು. ಸರಿಯಾಗಿ ಇನ್ನೂರು ಬಂತು. "ನಾನೇ ಅಜ್ಜಿಗೆ ಹೇಳ್ತೀನಿ" ಅಂದಿದ್ದಾಳೆ ಮಗಳು. ಎರಡು ದಿನದಿಂದ ಮನೆಯೆಲ್ಲ ಓಡಾಡುತ್ತಾ ಬಾಯಿಪಾಠ ಮಾಡುತ್ತಿದ್ದಾಳೆ: ಈಬೆಕ್, ಈಬೆಕ್, ಈಬೆಕ್.